ಮೂಲೆಗೆ ಸರಿಸಿಟ್ಟ ಕಸ

ಅಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ಕರಿಮಣ್ಣು ಸದಾ ಕೂತಿರುತ್ತಿತ್ತು. ಕಾಲುವೆ ನೀರು ಬಂದ ಮೇಲೆ ಹುಣಸಗಿ ಕಡೆಯ ನಮ್ಮ ಹೊಲದಲ್ಲಿ ಜೋಳ ಹೋಗಿ ಭತ್ತ ಬಂತು. ಅಂದಿನಿಂದ ನಾಟಿಯ ಕೆಸರು ಅವಳ ಪಾದ ಬಿಡಲಿಲ್ಲ. ಹಬ್ಬದ ದಿನ ಕಲ್ಲಿನಿಂದ ತಿಕ್ಕಿದರೂ ಹೋಗುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ಕಸ ಗುಡಿಸುವುದರಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ನನ್ನ ಹೆಂಡತಿ ಕಸವನ್ನು ಬಾಗಿಲ ಹಿಂದೆ ಸರಿಸಿಟ್ಟರೆ, "ಮೂಲ್ಯಾಗ ಸರಿಸಿದ್ರ ಕಸ ಹೋದಂಗೇನವಾ? ತಿಪ್ಪಿಗಿ ಒಯ್ದು ಚೆಲ್ಲು" ಅನ್ನುತ್ತಿದ್ದಳು.

ಒಂದು ಸಲ ಯಾದಗಿರಿಯ ಹಾಸ್ಟೆಲೊಂದಕ್ಕೆ ಅಡುಗೆಯವರು ಬೇಕಾಗಿದ್ದರು. ಪಗಾರದ ಜೊತೆ ಇರಲು ಕೋಣೆಯೂ ಇತ್ತು. ಅಕ್ಕನ ಕಾಗದಗಳ ಫೋಟೊ ತೆಗೆದು ಅಂದು ಸಂಜೆಯೊಳಗೆ ಈಮೇಲ್ ಮಾಡಬೇಕಿತ್ತು. ಮನೆಗೆಲ್ಲ ಒಂದೇ ಟ್ರಂಕು ಇದ್ದಂತೆ ನಮಗೆ ಒಂದೇ ಈಮೇಲು, ಅದೂ ನನ್ನ ಫೋನಿನಲ್ಲಿ.

"ಗದ್ದಿ ಕೆಸರು ಸಾಕಾತು ತಮ್ಮಾ. ಇನ್ನ ಒಲಿ ಮುಂದ ಕುಂದರ್ತೀನಿ" ಎಂದು ನಕ್ಕಳು.

ಕಳಿಸಿದೆ. ಈಮೇಲಿನ ಜಾಗ ತುಂಬಿದೆ, ಹೋಗುವುದಿಲ್ಲ ಎಂದು ಬಂತು. ನಾನು ತೆಗೆದ ಎತ್ತಿನ ಓಟದ ವಿಡಿಯೊಗಳೆಲ್ಲ ಫೋನಿನಿಂದ ಆ ಜಾಗಕ್ಕೇ ಹೋಗಿ ತುಂಬಿದ್ದವು. ಕೆಲವನ್ನು ಅಳಿಸಿದೆ. ಆಗಲೂ ಹೋಗಲಿಲ್ಲ. ಮೊಬೈಲ್ ಅಂಗಡಿಯವನಿಗೆ ತೋರಿಸಿದೆ.

"ಅಳಿಸಿದ್ದು ಎಲ್ಲೂ ಹೋಗಿಲ್ರಿ ಕಾಕಾ, ಟ್ರ್ಯಾಶಿನ್ಯಾಗ, ಅಂದ್ರ ಕಸದ ಬುಟ್ಟ್ಯಾಗ ಕುಂತಾವ. ಅದನ್ನೂ ಖಾಲಿ ಮಾಡ್ರಿ, ಜಾಗ ಆಗ್ತದ" ಎಂದ.

ಒಮ್ಮೆ ಒತ್ತಿದ್ದರೆ ಆಗುತ್ತಿತ್ತು. ಒತ್ತಲಿಲ್ಲ. ವಿಡಿಯೊ ಮೇಲಿನ ಆಸೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನಾಟಿ ಎದುರಿಗಿತ್ತು. ಅಕ್ಕ ಹೋದರೆ ಗದ್ದೆಗೆ ಇಳಿಯುವವರು ಯಾರು, ಎಮ್ಮೆ ಹಿಂಡುವವರು ಯಾರು ಎಂಬುದೇ ತಲೆಯಲ್ಲಿತ್ತು.

ಮನೆಗೆ ಬಂದಾಗ ಅಕ್ಕ ಹೊಸ್ತಿಲಲ್ಲೇ ಕೇಳಿದಳು. "ಹೋತೇನು?"

"ಹೋಗ್ಯಾದ."

ಅಂದು ಬಚ್ಚಲಲ್ಲಿ ಕೂತು ಬಹಳ ಹೊತ್ತು ಹಿಮ್ಮಡಿ ತಿಕ್ಕಿಕೊಂಡಳು.

ಹಾಸ್ಟೆಲಿನಿಂದ ಫೋನು ಬರಲಿಲ್ಲ. ಅಕ್ಕ ಕೆಲವು ವಾರ ಕಾದು ಒಮ್ಮೆ ತಾನೇ ಮೊಬೈಲ್ ಅಂಗಡಿಗೆ ಹೋಗಿ ಕೇಳಿಬಂದಳು. ಮರುದಿನ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಳು.

ವರ್ಷಗಳಾದ ಮೇಲೆ ನನ್ನ ಮಗಳು ಶಹಾಪುರದ ಕಾಲೇಜಿಗೆ ಕಾಗದ ಕಳಿಸುತ್ತಿದ್ದಳು. ಅದೇ ಈಮೇಲು, ಅದೇ ತೊಂದರೆ. ಅಳಿಸಿದಳು, ಹೋಗಲಿಲ್ಲ. ಅಳುಮೋರೆ ಮಾಡಿದಳು. ಅಂಗಳ ಗುಡಿಸುತ್ತಿದ್ದ ಅಕ್ಕ ಬಾಗಿಲಿಗೆ ಬಂದಳು.

"ಅಳಿಸಿದ್ದನ್ನ ಹೊರಗ ಚೆಲ್ಲವಾ. ಟ್ರ್ಯಾಶಿನ್ಯಾಗ ಇಟ್ರ ಹೋಗಂಗಿಲ್ಲ."

ಮಗಳು ಹಾಗೇ ಮಾಡಿದಳು. ಹೋಯಿತು. "ಅಯ್ಯ, ನಿನಗ ಇದು ಯಾರು ಕಲಿಸಿದ್ರು ಅತ್ತಿ?"

"ನಿಮ್ಮಪ್ಪ ಕಲಿಸ್ಯಾನ."

ಅಷ್ಟೇ ಅಂದಳು. ನಾನು ತಲೆ ಎತ್ತುವಷ್ಟರಲ್ಲಿ ಮತ್ತೆ ಬಗ್ಗಿ ಗುಡಿಸುತ್ತಿದ್ದಳು.

ಅವಳು ತೀರಿಕೊಂಡ ದಿನ ಮೈ ತೊಳೆಯುವ ಹೆಂಗಸರು ಹಿಮ್ಮಡಿಯನ್ನು ಬಿಸಿನೀರು ಹಾಕಿ ತಿಕ್ಕಿದರು. ಮಣ್ಣು ಹೋಗಲಿಲ್ಲ. ಆ ಮಣ್ಣಿನೊಂದಿಗೇ ಕಳಿಸಿಕೊಟ್ಟೆವು.