ಎಳ್ಳುನೀರಿಗೆ ಕೊಡದ ಹೆಸರುಗಳು

ನಂಜನಗೂಡಿನ ಸ್ನಾನಘಟ್ಟದ ಬಳಿ ಇಡ್ಲಿ ಗಾಡಿ ಇಟ್ಟುಕೊಂಡಿರುವ ಹೆಂಗಸು ಒಂದು ಬೆಳಿಗ್ಗೆ ಗಾಡಿಯನ್ನು ಹಾಗೇ ಬಿಟ್ಟು ನನ್ನ ಆಫೀಸಿಗೆ ಬಂದಳು. ಚಟ್ನಿಯ ಸೌಟು ಇನ್ನೂ ಕೈಯಲ್ಲೇ ಇತ್ತು. ನಾನು ಇಲ್ಲಿನ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿರುವವಳು. ಪೋಡಿ, ಪಾಲು, ಜೀವನಾಂಶ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಗಂಡನ ಗಲಾಟೆ ಇರಬೇಕು ಅಂದುಕೊಂಡು, ಕೂರಮ್ಮ ಅಂದೆ. ಅವಳು ಕೂರಲಿಲ್ಲ.

"ಅವ್ನು ಬಂದವ್ನೆ ಲಾಯರಮ್ಮ. ನಮ್ಮೋರ್ನೆಲ್ಲ ಮುಗ್ಸಿದೋನು."

ಅವಳು ಸಮುದ್ರದಾಚೆಯ ದೇಶದವಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ದೋಣಿಯಲ್ಲಿ ಬಂದು, ಎಲ್ಲೆಲ್ಲೋ ಬೆಳೆದು, ಇಲ್ಲಿಯವನನ್ನು ಮದುವೆಯಾದವಳು. ಈಗ ಅವಳ ಮಾತು ಕೇಳಿದರೆ ಇಲ್ಲೇ ಪಕ್ಕದ ಚಿಕ್ಕಯ್ಯನಛತ್ರದಲ್ಲೇ ಹುಟ್ಟಿದವಳು ಅನ್ನಬೇಕು. ಅಲ್ಲಿನ ಯುದ್ಧದಲ್ಲಿ ಬಂದೂಕಿನವರು ಮನೆಗೆ ನುಗ್ಗಿ ಎಲ್ಲರನ್ನೂ ಕೊಂದಾಗ ಅವಳು ಬಾವಿಕಟ್ಟೆಯ ಹಿಂದೆ ಅಡಗಿದ್ದಳಂತೆ. ಸಾಯುವ ಮುಂಚೆ ಅವಳ ಅಮ್ಮ ಒಬ್ಬನ ಬಲಗಿವಿಯ ಹಿಂದಕ್ಕೆ ಈಳಿಗೆಮಣೆ ಬೀಸಿದ್ದಳು.

ಅವತ್ತು ಬೆಳಿಗ್ಗೆ ಮುಡಿ ಕೊಟ್ಟು ಗಂಧ ಬಳಿದುಕೊಂಡ ಯಾತ್ರಿಕನೊಬ್ಬ ಅವಳ ಗಾಡಿಯಲ್ಲಿ ನಾಲ್ಕು ಇಡ್ಲಿ ತಿಂದ. ಅವಳ ಊರಿನ ಭಾಷೆಯಲ್ಲೇ ಇನ್ನೊಂಚೂರು ಚಟ್ನಿ ಕೇಳಿದ, ನಮ್ಮ ಕಡೆಯ ಕೈರುಚಿ ಅಂತ ಹೊಗಳಿದ. ಇವಳು ಖುಷಿಯಲ್ಲಿ ಬಡಿಸಿದಳು. ಆಮೇಲೆ ಅವನು ಕೈ ತೊಳೆಯಲು ಬಗ್ಗಿದಾಗ ಬೋಳುತಲೆಯ ಮೇಲೆ, ಬಲಗಿವಿಯ ಹಿಂದೆ, ಗುರುತು ಕಂಡಿತು.

"ಗಾಯದ ಗುರುತು ಯಾರಿಗಿಲ್ಲಮ್ಮ? ನನ್ನ ಮೊಣಕಾಲಲ್ಲೂ ಇದೆ," ಅಂದೆ. ಆ ಮಾತಿಗೆ ಇವತ್ತೂ ನಾಚುತ್ತೇನೆ.

ಆದರೂ ಇಡೀ ದಿನ ಪುಸ್ತಕ ತಿರುವಿದೆ. ಹೊಸ ನ್ಯಾಯ ಸಂಹಿತೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿ ನಮ್ಮ ತಲೆ ಕೆಟ್ಟಿದ್ದೇ ಬಂತು; ಹೊರದೇಶದವನು ತನ್ನ ದೇಶದಲ್ಲಿ ಒಂದು ಊರನ್ನೇ ಕೊಂದು ಇಲ್ಲಿಗೆ ಬಂದರೂ ಹಿಡಿದು ವಿಚಾರಿಸಲು ಅದರಲ್ಲಿ ಒಂದು ಸಾಲಿಲ್ಲ. ಇಂಥವರಿಗಾಗಿ ಎಷ್ಟೋ ದೇಶಗಳು ಸೇರಿ ಒಂದು ಕೋರ್ಟು ಕಟ್ಟಿವೆ, ಅದಕ್ಕೆ ನಮ್ಮ ದೇಶದ ಸಹಿಯಿಲ್ಲ. ಕೊನೆಗೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಸಿಕ್ಕಿತು. ಯುದ್ಧದಲ್ಲಿ ಯಾರು ಎಲ್ಲಿ ಘೋರ ಕೃತ್ಯ ಮಾಡಿದ್ದರೂ ಇಲ್ಲಿ ಶಿಕ್ಷಿಸಬಹುದು ಅಂತ ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಮುಂದೆ ಇನ್ನೊಂದು ಸೆಕ್ಷನ್: ಸರ್ಕಾರದ ಕಡೆಯಿಂದ ದೂರು ಬಂದರೆ ಮಾತ್ರ ಕೋರ್ಟು ಕೈಗೆತ್ತಿಕೊಳ್ಳಬಹುದು. ಅದೂ ದೇಶದೇಶಗಳ ನಡುವಿನ ಯುದ್ಧವಾಗಿರಬೇಕು. ಇವಳದ್ದು ಒಂದೇ ದೇಶದ ಒಳಗಿನದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಸಂಜೆ ಅವಳಿಗೆ ಹೇಳಿದೆ. ಅವಳಾಗಲೇ ಅವನು ಇಳಿದಿದ್ದ ಛತ್ರದಲ್ಲಿ ವಿಚಾರಿಸಿದ್ದಳು: ಮರುದಿನ ತಿ. ನರಸೀಪುರದ ಸಂಗಮದಲ್ಲಿ ಮಿಂದು ಅವನು ಹಾಗೇ ವಿಮಾನಕ್ಕೆ ಹೋಗುವವನು.

"ನಾಳಿಕ್ ಓಯ್ತಾನೆ ಕಣಮ್ಮ. ಏನಾರ ಆಗ್ಲಿ, ಬರ್ಕೊಳಿ."

ಸರ್ಕಾರವೇ ದೂರು ಕೊಡಬೇಕೆಂದು ಕೇಳಿಕೊಂಡು ದೆಹಲಿಗೆ ಒಂದು ಅರ್ಜಿ ಬರೆದೆ. ಅವಳು ಹೆಸರು ಹೇಳುತ್ತಾ ಹೋದಳು, ಅಪ್ಪ, ಅಮ್ಮ, ಅಜ್ಜಿ, ಅಕ್ಕಂದಿರು. ಎಂಟಾದ ಮೇಲೆ ನಿಲ್ಲಿಸಿದಳು. ತೊಟ್ಟಿಲಲ್ಲಿ ಒಂದು ತಮ್ಮ ಇತ್ತು, ಇನ್ನೂ ಹೆಸರಿಟ್ಟಿರಲಿಲ್ಲ, ಅದರ ಮಾತನ್ನು ಈವರೆಗೆ ಗಂಡನಿಗೂ ಹೇಳಿಲ್ಲ ಅಂದಳು. ಒಂಬತ್ತು ಅಂತ ಹಾಕಿ ಮುಂದೆ 'ಮಗು' ಅಂತ ಬರೆದೆ.

ಮರುದಿನ ನನಗೆ ನರಸೀಪುರದ ಕೋರ್ಟಿನಲ್ಲಿ ವಾಯಿದೆ ಇತ್ತು. ಅವಳೂ ಬಸ್ಸು ಹತ್ತಿದಳು; ಕೋರ್ಟಿಗೆ ಮುಂಚೆ ಸಂಗಮಕ್ಕೆ ಹೋದೆವು. ಸಂಗಮದಲ್ಲಿ ಮಂಜು ಇಳಿದು ಆಚೆ ದಡವೇ ಕಾಣುತ್ತಿರಲಿಲ್ಲ. ನೀರು ಯಾವ ಸದ್ದೂ ಮಾಡುತ್ತಿರಲಿಲ್ಲ. ಪುರೋಹಿತರೊಬ್ಬರ ಎದುರು, ಮೊಣಕಾಲುದ್ದ ನೀರಿನಲ್ಲಿ ಅವನು ನಿಂತಿದ್ದ. ಅರವತ್ತರ ಹತ್ತಿರದ, ಸೌಮ್ಯವಾದ ಮುಖ. ನಮ್ಮ ಬೀದಿಯ ಯಾವ ಮೇಷ್ಟ್ರಾದರೂ ಆಗಬಹುದಿತ್ತು.

ಪುರೋಹಿತರು ಎಷ್ಟು ಜನಕ್ಕೆ ಅಂತ ಕೇಳಿದರು. ಅವನು ಬೆರಳಲ್ಲಿ ಎಂಟು ತೋರಿಸಿದ. ಎಂಟು ಸಲ ಎಳ್ಳುನೀರು ಬಿಟ್ಟ. ಆಮೇಲೆ ಎರಡೂ ಅಂಗೈಗಳನ್ನು ಎರಡು ಗೇಣು ದೂರ ಹಿಡಿದು ಏನನ್ನೋ ಅಳೆದು ತೋರಿಸಿದ.

"ಹಸುಗೂಸಾ? ಹಲ್ಲು ಬರದ ಕೂಸಿಗೆ ಎಳ್ಳುನೀರು ಇಲ್ಲ ಸ್ವಾಮಿ," ಅಂದರು ಪುರೋಹಿತರು.

ಅವನು ಕೈ ಇಳಿಸಲಿಲ್ಲ. ಆ ಕೈಗಳ ನಡುವಿನ ಖಾಲಿ ಜಾಗವನ್ನು ನೋಡಿದೆ; ತೊಟ್ಟಿಲ ಕೂಸಿನ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಗಾಯದ ಗುರುತಿನ ಬಗ್ಗೆ ಆಡಿದ ಮಾತನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. ಫೋನು ಕೈಯಲ್ಲೇ ಇತ್ತು, ಯಾರಿಗೆ ಮಾಡಲಿ? ಎಳ್ಳುನೀರು ಬಿಡುವುದು ಯಾವ ಸೆಕ್ಷನ್ನು?

"ಹೋಗಲಿ, ಉಳಿದವರ ಹೆಸರಾದರೂ ಹೇಳಿ. ಹೆಸರಿಲ್ಲದೆ ಬಿಟ್ಟಿದ್ದು ಯಾರಿಗೆ ಮುಟ್ಟಬೇಕು?" ಅಂದರು ಪುರೋಹಿತರು.

ಅವನು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ. ಆಗ ನನ್ನ ಪಕ್ಕದಿಂದ ಅವಳು ಎರಡು ಮೆಟ್ಟಿಲು ಇಳಿದಳು.

"ಎಸ್ರು ನಂಗೊತ್ತು ಸ್ವಾಮಿ. ಏಳಾಕಿಲ್ಲ."

ಪುರೋಹಿತರು ಬೆಪ್ಪಾದರು. ಅವನು ತಿರುಗಿ ನೋಡಿ, ನಿನ್ನೆಯ ಇಡ್ಲಿಯವಳೆಂದು ಗುರುತು ಹಿಡಿದು, ನಕ್ಕು ಕೈ ಮುಗಿದ.

"ಇವನ್ ಕೈನೀರ್ ಕುಡ್ದು ಅವ್ರು ತಣ್ಗಾಗೋದು ಬ್ಯಾಡ," ಅಂದಳು ನನ್ನ ಕಡೆ ತಿರುಗಿ. "ಕೇಸ್ ಆಗೋಗಂಟ ಅವ್ರು ಇಲ್ಲೇ ಇರ್ಲಿ, ನನ್ ಜೊತೇಲಿ."

ಅವನು ಬಟ್ಟೆ ಬದಲಿಸಿ, ಕಾರು ಹತ್ತಿ ಹೋದ. ನಾವು ನೋಡುತ್ತಾ ನಿಂತೆವು. ನನಗೆ ನನ್ನ ಕರಿಕೋಟಿನ ಮೇಲೇ ಸಿಟ್ಟು ಬಂತು.

ಕೋರ್ಟಿನ ಕೆಲಸ ಮುಗಿಸಿ ಬರುವಾಗ ವಾಪಸ್ ಬಸ್ಸಿನಲ್ಲಿ ಕಂಡಕ್ಟರು ನಮ್ಮಿಬ್ಬರಿಗೂ ಟಿಕೆಟ್ ಹರಿದು ಕೊಟ್ಟು, ನಮ್ಮ ಬೆನ್ನ ಹಿಂದಿನ, ನಾವು ಹತ್ತುವಾಗ ಖಾಲಿಯಿದ್ದ ಸೀಟುಗಳ ಕಡೆ ನೋಡಿ, "ಇಂದ್ಗಡೆ ಇರೋರೂ ನಿಮ್ಮೋರೇನಮ್ಮ?" ಅಂದ. ಅವಳು ಊಂ ಅಂದಳು. ಹಿಂದಿನಿಂದ ಒಂದು ಮಾತೂ ಕೇಳುತ್ತಿರಲಿಲ್ಲ. ನಾನು ತಿರುಗಿ ನೋಡಲಿಲ್ಲ, ನಂಜನಗೂಡು ಬರುವವರೆಗೂ.

ಅರ್ಜಿಯನ್ನು ಅಂಚೆಗೆ ಹಾಕಿದೆ. ಅದರ ನಕಲು ನನ್ನ ಬೀರುವಿನಲ್ಲಿದೆ. ಕಾನೂನಿಗೆ ತಿದ್ದುಪಡಿ ಬಂದಾಗಲೆಲ್ಲ ಮೊದಲು ಇಂಥವನನ್ನು ಹಿಡಿಯುವ ಆ ಸಾಲು ಬಂದಿದೆಯೇ ಅಂತ ಹುಡುಕುತ್ತೇನೆ. ಇಡ್ಲಿ ಕಟ್ಟಿಸಿಕೊಳ್ಳಲು ಹೋದಾಗ ಅವಳೂ ಕೇಳುತ್ತಾಳೆ, "ಬಂತಾ ಲಾಯರಮ್ಮ?" ಇನ್ನೂ ಇಲ್ಲ ಅನ್ನುತ್ತೇನೆ.

"ನಿಧಾನಕ್ಕೆ ಬರ್ಲಿ ಬುಡಿ," ಅನ್ನುತ್ತಾಳೆ ಚಟ್ನಿ ಹಾಕುತ್ತಾ. "ಅವ್ರಿಗೇನು ವಯ್ಸಾಗಾಕಿಲ್ಲ."