ಕಮರುದ್ದೀನ ಹಳೆಯ ಬ್ರೌಸರಿಗೆ ಮರಳಿದ ದಿನ

ಕಮರುದ್ದೀನ ಹೋದ ಶುಕ್ರವಾರ ಸಂಜೆ ತೀರಿಕೊಂಡ. ಕೇಶ್ವಾಪುರದ ತನ್ನ ಮಹಡಿ ಮೇಲಿನ ಅಂಗಡಿಯಲ್ಲಿ, ಕುರ್ಚಿಯ ಮೇಲೆಯೇ. ಹೃದಯಾಘಾತ ಎಂದರು ಡಾಕ್ಟರು.

ಜನರ ಅರ್ಜಿ, ಟೆಂಡರುಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವುದು ಅವನ ಕೆಲಸ. ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ನಮ್ಮ ಗೆಳೆತನ ಅಂದಿನದು. ಟೆಂಡರು ಹಾಕುವವರ ಹತ್ತಿರ ಡಿಜಿಟಲ್ ಸಹಿಯ ಕೀ ಇರುತ್ತದೆ, ಪೆನ್‌ಡ್ರೈವಿನಂಥದ್ದು. ಬೇರೆ ಅಂಗಡಿಗಳಲ್ಲಿ ಗಿರಾಕಿಗಳ ಕೀಗಳು ಪಿನ್ ನಂಬರಿನ ಚೀಟಿ ಸುತ್ತಿಕೊಂಡು ಮೇಜಿನ ಡ್ರಾಯರಿನಲ್ಲೇ ಬಿದ್ದಿರುತ್ತವೆ. ಇವನು ಯಾರ ಕೀಯನ್ನೂ ಇಟ್ಟುಕೊಂಡವನಲ್ಲ. ಸಹಿ ಮಾಡುವವರು ತಾವೇ ಬಂದು ಪಿನ್ ಒತ್ತಬೇಕು, ಅಷ್ಟು ಹೊತ್ತು ಇವನು ಗೋಡೆಯತ್ತ ತಿರುಗಿ ಕೂಡುತ್ತಿದ್ದ. "ಮದುವಿ ಮಗಳು ಕುಂತಂಗ ಕುಂತಿಯಲ್ಲೋ" ಎಂದು ನಾನು ಕಾಡುತ್ತಿದ್ದೆ.

ಆ ಶುಕ್ರವಾರ ನಾನು ಅಂಗಡಿಯಲ್ಲೇ ಇದ್ದೆ, ಹೆಬ್ಬಳ್ಳಿಯ ನಾಗರತ್ನಾ ಬಂದಿದ್ದಳು. ಅವಳದೊಂದು ಹೆಣ್ಣುಮಕ್ಕಳ ಹೊಲಿಗೆ ಸಂಘ. ಹಾಸ್ಟೆಲ್ ಮಕ್ಕಳ ಸಮವಸ್ತ್ರದ ಟೆಂಡರು ಸಿಕ್ಕರೆ ಎಲ್ಲರಿಗೂ ವರ್ಷವಿಡೀ ಕೆಲಸ, ಇಲ್ಲವಾದರೆ ಮಷೀನುಗಳನ್ನು ಮಾರುವುದೇ. ಐದು ಗಂಟೆಗೆ ಗಡುವು. ಎಲ್ಲ ತುಂಬಿಯಾಗಿತ್ತು, ಸಹಿಯೊಂದು ಬಾಕಿ. ಕೀ ಹಾಕಿದರೆ ಸೈಟು ಗುರುತೇ ಹಿಡಿಯಲಿಲ್ಲ. ಬ್ರೌಸರು ತಾನಾಗಿಯೇ ಅಪ್‌ಡೇಟ್ ಆಗಿಬಿಟ್ಟಿತ್ತು, ಹೊಸದರಲ್ಲಿ ಆ ಸಹಿ ನಡೆಯುತ್ತಿರಲಿಲ್ಲ.

ಹೊಸದನ್ನು ತೆಗೆದು ಹಳೆಯದನ್ನು ಹಾಕಿದ. ಪುಟ ತೆರೆಯಿತು. ನಾಗರತ್ನಾ ಕೀಬೋರ್ಡಿಗೆ ಕೈ ಹಚ್ಚುವಷ್ಟರಲ್ಲಿ ಬ್ರೌಸರು ಮುಚ್ಚಿ ತೆರೆದುಕೊಂಡಿತು. ಮತ್ತೆ ಹೊಸದು! ನೆಟ್ ವೈರು ಕಿತ್ತಿಡುವುದನ್ನು ಅವನು ಮರೆತಿದ್ದ. ಹಳೆಯದು ಕೂತಲ್ಲೇ ಹೊಸದನ್ನು ಎಳೆದುಕೊಂಡಿತ್ತು.

ಫ್ಯಾನಿನ ಕೆಳಗೆ ಕೂತೂ ಅವನ ಹಣೆ ಬೆವರುತ್ತಿತ್ತು. ಎಡಗೈ ತಿಕ್ಕಿಕೊಳ್ಳುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣ ಏಳು ಎಂದೆ.

"ಇದೊಂದ ಮುಗೀಲಿ ತಡಿಯೋ, ನೀಲಕಂಠ. ಆಕಿ ಹೆಂಗ ಕುಂತಾಳ ನೋಡು."

ವೈರು ಕಿತ್ತು ಮತ್ತೊಮ್ಮೆ ಹಳೆಯದನ್ನು ಹಾಕಿದ. ತಾನಾಗಿ ಅಪ್‌ಡೇಟ್ ಆಗದಂತೆ ಮಾಡಿ ವೈರು ಜೋಡಿಸಿದ. ಐದಕ್ಕೆ ಸ್ವಲ್ಪವೇ ಉಳಿದಿತ್ತು. ಈ ಸಲ ಕೀ ಗುರುತು ಹಿಡಿಯಿತು, ಆದರೆ ಗಾಬರಿಯಲ್ಲಿ ನಾಗರತ್ನಾ ಪಿನ್ ಒತ್ತುವಾಗ ತಪ್ಪಿದಳು. ಮತ್ತೊಮ್ಮೆ ತಪ್ಪಿದಳು. ಇನ್ನೊಮ್ಮೆ ತಪ್ಪಿದರೆ ಕೀ ಲಾಕ್ ಆಗುತ್ತದೆ, ಟೆಂಡರು ಹೋದಂತೆಯೇ.

"ಕಾಕಾ, ನಂಬರ ನಾ ಹೇಳ್ತೇನ್ರಿ, ನೀವ ಒತ್ರಿ."

ಕಮರುದ್ದೀನ ತನ್ನ ಬೆರಳುಗಳನ್ನು ನೋಡಿಕೊಂಡ.

"ಬ್ಯಾಡವಾ. ನನ್ನ ಕೈನೂ ನಡಗಾಕತ್ತಾವ. ಲಗೂ ಮಾಡಬ್ಯಾಡ, ಒಂದೊಂದ ಒತ್ತು."

ಹೇಳಿ ಗೋಡೆಯತ್ತ ತಿರುಗಿದ. ನಾನು ಅವನ ಬೆನ್ನನ್ನು ನೋಡುತ್ತ ನಿಂತೆ. ಅಂಗಿ ಪೂರಾ ಒದ್ದೆಯಾಗಿತ್ತು.

ಸಹಿ ಆಯಿತು. ಟೆಂಡರು ಮುಟ್ಟಿದ ರಸೀದಿ ಪ್ರಿಂಟಾಗಿ ಬಂತು. ನಾಗರತ್ನಾ ಮೆಟ್ಟಿಲಿಳಿಯುತ್ತಲೇ ಸಂಘದವರಿಗೆ ಫೋನು ಮಾಡಿ ಹೇಳುವುದು ನಮಗೆ ಕೇಳಿಸುತ್ತಿತ್ತು. ಇನ್ನಾದರೂ ಏಳು ಎಂದು ನಾನು ಅವನ ರಟ್ಟೆ ಹಿಡಿದೆ. ಆಟೋ ತರಲು ಹೇಳಿದ, ಅಷ್ಟರಲ್ಲಿ ಬಾಗಿಲು ಹಾಕುತ್ತೇನೆ ಎಂದ.

ಆಟೋ ತಂದು ಮೇಲೆ ಹೋದಾಗ ಬಾಗಿಲು ತೆರೆದೇ ಇತ್ತು. ಅವನು ಪಕ್ಕದ ಇನ್ನೊಂದು ಕಂಪ್ಯೂಟರಿನ ಮುಂದೆ ಕೂತಿದ್ದ, ತಲೆ ಎದೆಯ ಮೇಲೆ. ಶನಿವಾರ ಬರುವವರಿಗೆ ಹೀಗಾಗದಿರಲೆಂದು ಅದಕ್ಕೂ ಹಳೆಯ ಬ್ರೌಸರು ಹಾಕಿ, ತಾನಾಗಿ ಅಪ್‌ಡೇಟ್ ಆಗುವ ಟಿಕ್ ಗುರುತನ್ನು ತೆಗೆದಿದ್ದ.