ಮುಟ್ಟಿ ನೋಡುವ ದಾಸವಾಳ

ಅಕ್ಕೋರ ಬೆರಳ ತುದಿಗಳು ಶಾಯಿ ಹತ್ತಿ ಸದಾ ಗುಲಾಬಿ, ನೇರಳೆ. ಸಂತೆಯಲ್ಲಿ ಯಾರಾದರೂ "ಮೆಹಂದಿ ಏನ್ರಿ?" ಎಂದರೆ ಹೌದೆಂದುಬಿಡುತ್ತಿದ್ದರು. ಬಾಗಲಕೋಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಚಿತ್ರಕಲೆ ಕಲಿಸಿ ನಿವೃತ್ತರಾದ ಶಿಕ್ಷಕಿ, ಹಾಗಾಗಿ ಎಲ್ಲರಿಗೂ ಅಕ್ಕೋರು. ಶುಭಾಶಯದ ಕಾರ್ಡುಗಳನ್ನು ಕೈಯಾರೆ ಮಾಡುತ್ತಿದ್ದರು. ಮೊಬೈಲ್ ಇರುವಾಗ ಇಷ್ಟು ಒದ್ದಾಟ ಏಕೆಂಬುದು, ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ವಾದ.

"ಕುಂದ್ರ ವಕೀಲವ್ವಾ. ವಾದ ಬಾಯಿಲೆ ನಡೀಲಿ, ಕೈ ಖಾಲಿ ಐತಲ್ಲ, ಸ್ಪಂಜ್ ಹಿಡಿ."

ಇಳಕಲ್ಲಿನಲ್ಲಿದ್ದ ಅವರ ತಂಗಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಯಿತು. ಆಕೆ ಮಾತು ಬಿಟ್ಟರು, ಊಟವನ್ನೂ ಬಿಡತೊಡಗಿದರು. ಅಕ್ಕೋರು ನಿದ್ದೆಗೆಟ್ಟರು. ತಂಗಿಯ ಹುಟ್ಟುಹಬ್ಬಕ್ಕೆಂದು ದಾಸವಾಳದ ಕಾರ್ಡು ಹಿಡಿದು ಕುಳಿತರು. ಎಸಳಿನ ಬುಡಕ್ಕೆ ಕಡುಗೆಂಪು, ತುದಿಗೆ ಗುಲಾಬಿ. ನಡುವಿನ ಗಡಿ ಕಾಣದಂತೆ ಶಾಯಿ ಹತ್ತಿದ ಸ್ಪಂಜ್ ತಿರುಗಿಸಿ ಬೆರೆಸಿದರು.

"ಕಾಣದವ್ರಿಗೆ ಬಣ್ಣ ಯಾಕ್ರಿ, ಅಕ್ಕೋರ?"

"ಬಣ್ಣ ಬಾಜೂ ಕುಂತವ್ರಿಗೆ. ನೋಡಿ ಆಕಿಗೆ ಹೇಳಬೇಕಲ್ಲ."

"ಆಕಿ ಕೇಳಲಿಲ್ಲಂದ್ರ?"

ಸ್ಪಂಜ್ ನಿಂತಿತು.

ಆಮೇಲೆ ಹೂವಿನ ಗೆರೆಗಳ ಮೇಲೆ ಅಂಟುವ ಶಾಯಿ ಎಳೆದು, ಪುಡಿ ಉದುರಿಸಿ, ಬಿಸಿಗಾಳಿ ಹಿಡಿದರು. ಪುಡಿ ಕರಗಿ, ಬೆರಳಿಗೆ ಸಿಗುವಂತೆ ಗೆರೆ ಉಬ್ಬಿ ನಿಲ್ಲಬೇಕು. ಅವಸರದಲ್ಲಿ ಬಿಸಿ ಹೆಚ್ಚಾಗಿ, ಒಂದು ಎಸಳು ಚಪ್ಪಟೆಯಾಯಿತು. ಮತ್ತೊಂದು ಮಾಡಲು ಹೊತ್ತಿರಲಿಲ್ಲ. ಇಬ್ಬರೂ ಇಳಕಲ್ಲಿನ ಬಸ್ಸು ಹತ್ತಿದೆವು. ಹುನಗುಂದ ದಾಟಿದರೂ ಅವರದು ಒಂದೇ ಮಾತು: "ಆಕಿ ಒಗದುಬಿಟ್ರ?"

ತಂಗಿ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡರು. ಅಕ್ಕೋರು ಸೆರಗಿನ ತುದಿ ಹೊಸೆಯುತ್ತಿದ್ದರು. ಬಹಳ ಹೊತ್ತಿನ ಮೇಲೆ ತಂಗಿಯ ಬೆರಳು ಉಬ್ಬುಗೆರೆಯ ಮೇಲೆ ಹೊರಟಿತು, ಒಂದು ಕಡೆ ನಿಂತಿತು.

"ಇಲ್ಲಿ ಸುಟ್ಟೀಯಲ್ಲಕ್ಕಾ. ನಿನ್ನ ಅವಸರ ಸಾಯೂತನಕ ಹೋಗಂಗಿಲ್ಲ."

ಎಷ್ಟೋ ದಿನಗಳ ಮೇಲೆ ಕೇಳಿದ ತಂಗಿಯ ಬೈಗುಳಕ್ಕೆ ಅಕ್ಕೋರು ಅತ್ತುಬಿಟ್ಟರು. ತಂಗಿ ನನ್ನತ್ತ ತಿರುಗಿದರು. "ಬಣ್ಣ ಯಾವ್ದವಾ?"

"ಕೆಂಪ್ರಿ."

"ಎಂಥಾ ಕೆಂಪ?"

ಹೇಳುತ್ತ ಹೇಳುತ್ತ ಊಟದ ಹೊತ್ತಾಯಿತು. ಆಕೆ ನಮ್ಮೊಂದಿಗೇ ಉಂಡರು.

ಕಳೆದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಈ ಸಲದ ಹುಟ್ಟುಹಬ್ಬದ ಕಾರ್ಡು ನಾನೇ ಮಾಡಿ ಇಳಕಲ್ಲಿಗೆ ಒಯ್ದೆ. ತಂಗಿ ಎಲ್ಲ ಎಸಳುಗಳ ಮೇಲೂ ಬೆರಳಾಡಿಸಿ "ಚಲೋ ಆಗೇತಿ" ಎಂದಷ್ಟೇ ಹೇಳಿ ಕೈ ಹಿಂದೆಗೆದರು. ಬೈಯಲಿಲ್ಲ. ಆ ಬೈಗುಳಗಳೆಲ್ಲ ಅಕ್ಕನ ಪಾಲಿನವು. ಆಕೆ ಮತ್ತೆ ಊಟ ಬಿಟ್ಟಾರೆಂಬ ಹೆದರಿಕೆ ನನಗೆ.

ಸಂಜೆಯ ಬಸ್ಸು ಹೋಗಲಿ ಎಂದುಕೊಂಡೆ. ಅಕ್ಕೋರ ಹಾಗೆಯೇ ಪಕ್ಕದಲ್ಲಿ ಕುಳಿತೆ. ಆಕೆ ರೊಟ್ಟಿ ಮುರಿದು ಬಾಯಿಗಿಡುವವರೆಗೂ ಏಳಲಿಲ್ಲ.